ಹತ್ತು ಸಾವಿರ ಪೌಂಡ್ ಬಾಕಿ: ಇಮ್ಯಾಜಿನ್ ಸಾಫ್ಟ್‌ವೇರ್ ಕಂಪನಿಯ ಏಳುಬೀಳು (1982–1984)

1984ರ ಜುಲೈ 9ರಂದು ಲಂಡನ್ನಿನ ಹೈಕೋರ್ಟು ಲಿವರ್‌ಪೂಲಿನ ಇಮ್ಯಾಜಿನ್ ಸಾಫ್ಟ್‌ವೇರ್ ಕಂಪನಿಯನ್ನು ಮುಚ್ಚಿಸಲು ಆದೇಶ ಹೊರಡಿಸಿತು. ಕೋರ್ಟಿನ ಮೆಟ್ಟಿಲು ಹತ್ತಿದ್ದು ಬ್ಯಾಂಕಲ್ಲ, ಕಂಪ್ಯೂಟರ್ ಪತ್ರಿಕೆಗಳನ್ನು ಹೊರತರುತ್ತಿದ್ದ ವಿಎನ್‌ಯು ಎಂಬ ಪ್ರಕಾಶನ ಸಂಸ್ಥೆ. ಆ ಪತ್ರಿಕೆಗಳಲ್ಲಿ ಹಾಕಿಸಿದ ಜಾಹೀರಾತುಗಳ ಬಾಕಿಯಲ್ಲಿ ಹತ್ತು ಸಾವಿರ ಪೌಂಡನ್ನೂ ಹೊಂದಿಸಲು ಕಂಪನಿಗೆ ಆಗಲಿಲ್ಲ. ಒಟ್ಟು ಸಾಲ ಲಕ್ಷಗಟ್ಟಲೆ ಪೌಂಡಿನಷ್ಟಿತ್ತು. ಜಾಹೀರಾತಿನಿಂದಲೇ ಹೆಸರು ಮಾಡಿದ ಕಂಪನಿ ಜಾಹೀರಾತಿನ ಬಿಲ್ಲಿಗೇ ಬಿತ್ತು.

ಬ್ರಿಟನ್ನಿನ ವಿಡಿಯೋ ಗೇಮ್ ಚರಿತ್ರೆಯಲ್ಲಿ ಈ ಪ್ರಕರಣವನ್ನು ಸಾಮಾನ್ಯವಾಗಿ ದುಂದುವೆಚ್ಚದ ಕಥೆಯಾಗಿ ಹೇಳುತ್ತಾರೆ: ಕೈಗೆ ದುಡ್ಡು ಬಂದ ಹುಡುಗರು, ದುಬಾರಿ ಸ್ಪೋರ್ಟ್ಸ್ ಕಾರುಗಳು, ಕೊನೆಗೆ ದಿವಾಳಿ. ಕಾರುಗಳು ಇದ್ದದ್ದು ನಿಜ. ಆದರೆ ಕಂಪನಿಯನ್ನು ಮುಳುಗಿಸಿದ್ದು ಗೋದಾಮಿನಲ್ಲಿ ಉಳಿದ ಕ್ಯಾಸೆಟ್ಟು ಮತ್ತು ಮಾಡದ ಸರಕಿನ ಮೇಲೆ ಹೂಡಿದ ಹಣ ಎಂಬುದು ಈ ಲೇಖನದ ವಾದ.

ಇಮ್ಯಾಜಿನ್ ಹುಟ್ಟಿದ್ದು 1982ರಲ್ಲಿ. ಸ್ಥಾಪಕರಾದ ಮಾರ್ಕ್ ಬಟ್ಲರ್ ಮತ್ತು ಡೇವಿಡ್ ಲಾಸನ್ ಅದೇ ಊರಿನ ಬಗ್-ಬೈಟ್ ಕಂಪನಿಯಿಂದ ಹೊರಬಂದವರು. ಹಿಂದಿನ ವರ್ಷವಷ್ಟೇ ಟಾಕ್ಸ್‌ಟೆತ್ ಗಲಭೆ ಕಂಡಿದ್ದ ಲಿವರ್‌ಪೂಲಿನಲ್ಲಿ ಬಂದರಿನ ಕೆಲಸಗಳು ಕರಗಿ ನಿರುದ್ಯೋಗ ತಾಂಡವವಾಡುತ್ತಿತ್ತು. 1982ರಲ್ಲೇ 125 ಪೌಂಡಿಗೆ ಮಾರುಕಟ್ಟೆಗೆ ಬಂದ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಮನೆಮನೆಗೂ ಕಂಪ್ಯೂಟರ್ ತಂದಿತು. ಇಮ್ಯಾಜಿನ್‌ನ ಮೊದಲ ಗೇಮ್ 'ಆರ್ಕೇಡಿಯಾ' ಚೆನ್ನಾಗಿ ಮಾರಾಟವಾಯಿತು. ಪ್ರಚಾರದ ಚಾಣಾಕ್ಷ ಬ್ರೂಸ್ ಎವೆರಿಸ್ ಕಂಪನಿಯ ಹೆಸರನ್ನು ಗೇಮ್ ಪತ್ರಿಕೆಗಳಾಚೆಗೂ ದಾಟಿಸಿದರು. ಹದಿಹರೆಯದ ಪ್ರೋಗ್ರಾಮರ್ ಯೂಜೀನ್ ಇವಾನ್ಸ್ ವರ್ಷಕ್ಕೆ 35,000 ಪೌಂಡ್ ಗಳಿಸುತ್ತಾನೆಂದು ದಿನಪತ್ರಿಕೆಗಳು ಬರೆದವು. ಅದು ಅಪ್ಪಟ ಲೆಕ್ಕವೋ ಪ್ರಚಾರದ ಉಬ್ಬೋ, ಕೆಲಸವಿಲ್ಲದ ಊರಿನಲ್ಲಿ ಅಂಥ ಸುದ್ದಿಗೆ ರೆಕ್ಕೆ ಬರಲು ತಡವೇನೂ ಆಗಲಿಲ್ಲ.

ಎಡವಿದ್ದು 1983ರ ಕ್ರಿಸ್‌ಮಸ್ ಹೊತ್ತಿಗೆ. ಬ್ರಿಟನ್ನಿನ ಗೇಮ್ ವ್ಯಾಪಾರದಲ್ಲಿ ವರ್ಷದ ಗಳಿಕೆಯ ದೊಡ್ಡ ಪಾಲು ಆ ಕೆಲವೇ ವಾರಗಳಲ್ಲಿ ಬರಬೇಕು. ಗೇಮ್‌ಗಳು ಆಗ ಮಾಮೂಲಿ ಆಡಿಯೋ ಕ್ಯಾಸೆಟ್‌ನಲ್ಲಿ ಬರುತ್ತಿದ್ದುದರಿಂದ, ಹಬ್ಬಕ್ಕೆ ಮುಂಚೆ ಸಾಕಷ್ಟು ನಕಲು ಮಾಡಿಸಿಕೊಂಡವನೇ ಗೆದ್ದ. ಪ್ರತಿಸ್ಪರ್ಧಿಗಳಿಗೆ ಜಾಗವೇ ಸಿಗದಿರಲಿ ಎಂದು ಇಮ್ಯಾಜಿನ್ ಒಂದು ದೊಡ್ಡ ನಕಲು ಕಾರ್ಖಾನೆಯ ಸಾಮರ್ಥ್ಯವನ್ನೆಲ್ಲ ಮುಂಗಡವಾಗಿ ಕಾಯ್ದಿರಿಸಿತೆಂದು ಆ ಕಾಲದ ವರದಿಗಳು ಹೇಳುತ್ತವೆ. ತಂತ್ರ ತಿರುಗುಬಾಣವಾಯಿತು. ನಿರೀಕ್ಷಿಸಿದಷ್ಟು ಬೇಡಿಕೆ ಬರಲಿಲ್ಲ, ದಾಸ್ತಾನು ಹಾಗೇ ಉಳಿಯಿತು. ಶಾಲೆಯ ಹುಡುಗರು ಎರಡು ಟೇಪ್ ರೆಕಾರ್ಡರ್ ಜೋಡಿಸಿ ಗೇಮ್ ನಕಲು ಮಾಡಿಕೊಳ್ಳುತ್ತಿದ್ದುದೂ ಮಾರಾಟಕ್ಕೆ ಹೊಡೆತ ಕೊಟ್ಟಿತು. ಮಾರ್ಷಲ್ ಕ್ಯಾವೆಂಡಿಷ್ ಪ್ರಕಾಶನಕ್ಕೆ ಗೇಮ್‌ಗಳನ್ನು ಮಾಡಿಕೊಡುವ ದೊಡ್ಡ ಒಪ್ಪಂದವೂ ಮುರಿದುಬಿತ್ತು.

ಇಷ್ಟಾದರೂ ಕಂಪನಿ ಖರ್ಚು ಬಿಗಿ ಮಾಡಲಿಲ್ಲ. 'ಮೆಗಾಗೇಮ್'ಗಳಿಗೆ ಕೈ ಹಾಕಿತು. 'ಬ್ಯಾಂಡರ್‌ಸ್ನ್ಯಾಚ್', 'ಸೈಕ್ಲ್ಯಾಪ್ಸ್' ಎಂಬ ಈ ಎರಡು ಗೇಮ್‌ಗಳ ಜೊತೆಗೆ ಕಂಪ್ಯೂಟರಿನ ಶಕ್ತಿ ಹೆಚ್ಚಿಸುವ ಯಂತ್ರಭಾಗವನ್ನೂ ಮಾರುವ ಯೋಜನೆ ಅದು. ಬೆಲೆ ಸುಮಾರು 40 ಪೌಂಡ್; ಮಾಮೂಲಿ ಗೇಮ್ ಐದಾರು ಪೌಂಡಿಗೆ ಸಿಗುತ್ತಿದ್ದ ದಿನಗಳವು. ಯಂತ್ರಭಾಗವಿಲ್ಲದೆ ಗೇಮ್ ಓಡದು, ಹಾಗಾಗಿ ಕಳ್ಳನಕಲೂ ನಡೆಯದು ಎಂಬ ತರ್ಕ ಜಾಣತನದ್ದೇ. ಆದರೆ ಗೇಮ್ ಮುಗಿಯುವ ಮೊದಲೇ ಅದರ ಜಾಹೀರಾತು ಪುಟಪುಟಗಳಲ್ಲಿ ಬಂತು, ಬಿಲ್ಲೂ ಬೆಳೆಯಿತು. ಎರಡರಲ್ಲಿ ಒಂದೂ ಅಂಗಡಿ ತಲುಪಲಿಲ್ಲ.

ಇಮ್ಯಾಜಿನ್‌ನ ಅಂತ್ಯ ಇಷ್ಟು ಪ್ರಸಿದ್ಧವಾಗಲು ಮುಖ್ಯ ಕಾರಣ ಬಿಬಿಸಿ. 'ಕಮರ್ಷಿಯಲ್ ಬ್ರೇಕ್ಸ್' ಸರಣಿಯ ತಂಡ ಏಳಿಗೆಯ ಚಿತ್ರ ತೆಗೆಯಲೆಂದು ಬಂದು, ಅಮೀನರು ಕಚೇರಿಗೆ ಬಂದದ್ದನ್ನು ಚಿತ್ರೀಕರಿಸಿಕೊಂಡು ಹೋಯಿತು. 1984ರ ಡಿಸೆಂಬರಿನಲ್ಲಿ ಪ್ರಸಾರವಾದ ಆ ಚಿತ್ರ ಇಂದಿಗೂ ಈ ಪ್ರಕರಣದ ಅಮೂಲ್ಯ ಆಕರ. ಆದರೆ ಕ್ಯಾಮೆರಾಕ್ಕೆ ಕಾರು ಕಾಣುತ್ತದೆ, ಮುಂಗಡ ಒಪ್ಪಂದ ಕಾಣುವುದಿಲ್ಲ. ದುಂದಿನ ಕಥೆ ಗಟ್ಟಿಯಾದದ್ದು ಬಹುಪಾಲು ಹೀಗೇ ಎಂದು ನನ್ನ ಅನಿಸಿಕೆ.

ಕಂಪನಿ ಹೋದರೂ ಕಸುಬುದಾರರು ಚದುರಿಹೋಗಲಿಲ್ಲ. ಕೆಲವರು ಡೆಂಟನ್ ಡಿಸೈನ್ಸ್ ಎಂಬ ಕಂಪನಿ ಕಟ್ಟಿದರು. ಇಮ್ಯಾಜಿನ್ ಎಂಬ ಹೆಸರನ್ನು ಮ್ಯಾಂಚೆಸ್ಟರಿನ ಓಷನ್ ಸಾಫ್ಟ್‌ವೇರ್ ಕೊಂಡು ವರ್ಷಗಟ್ಟಲೆ ತನ್ನ ಕ್ಯಾಸೆಟ್‌ಗಳ ಮೇಲೆ ಅಚ್ಚು ಹಾಕಿಸಿತು. ಇಮ್ಯಾಜಿನ್‌ನ ಹಣಕಾಸು ನೋಡಿಕೊಂಡಿದ್ದ ಇಯಾನ್ ಹೆದರಿಂಗ್‌ಟನ್ ಸಂಗಡಿಗರೊಂದಿಗೆ ಲಿವರ್‌ಪೂಲಿನಲ್ಲೇ ಸೈಗ್ನೋಸಿಸ್ ಆರಂಭಿಸಿದರು. ಅದರ ಮೊದಲ ಗೇಮ್ 'ಬ್ರಟಾಕಸ್' ಬ್ಯಾಂಡರ್‌ಸ್ನ್ಯಾಚ್‌ಗಾಗಿ ಮಾಡಿದ ಕೆಲಸದಿಂದಲೇ ಬೆಳೆದದ್ದು. ಸೈಗ್ನೋಸಿಸ್ 1991ರಲ್ಲಿ 'ಲೆಮ್ಮಿಂಗ್ಸ್' ಪ್ರಕಟಿಸಿತು, 1993ರಲ್ಲಿ ಸೋನಿಯ ಪಾಲಾಯಿತು, 1995ರಲ್ಲಿ ಪ್ಲೇಸ್ಟೇಷನ್‌ಗೆ 'ವೈಪ್‌ಔಟ್' ಕೊಟ್ಟಿತು. ಮುಂದೆ ಸ್ಟುಡಿಯೋ ಲಿವರ್‌ಪೂಲ್ ಎಂದು ಹೆಸರು ಬದಲಾದ ಅದನ್ನು ಸೋನಿ 2012ರ ಆಗಸ್ಟಿನಲ್ಲಿ ಮುಚ್ಚಿತು. ಇಮ್ಯಾಜಿನ್ ಬದುಕಿದ್ದು ಎರಡು ವರ್ಷಕ್ಕೂ ಕಡಿಮೆ. ಅದರ ಅವಶೇಷದಿಂದ ಎದ್ದ ಕಂಪನಿ ಕಾಲು ಶತಮಾನಕ್ಕೂ ಹೆಚ್ಚು ಬಾಳಿತು.