ಗರ ಬಿದ್ದ ಮೇಲೆ

ಬಂಗಾರಪೇಟೆಯಿಂದ ಕವಲೊಡೆಯುವ ರೈಲುದಾರಿ ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ಚಿನ್ನದ ಗಣಿಗಳಿಗಾಗಿಯೇ 1894ರಲ್ಲಿ ಹಾಕಿದ ದಾರಿ ಅದು. ಗಣಿಗಳು 2001ರಲ್ಲಿ ಮುಚ್ಚಿದವು. ರೈಲು ಮಾತ್ರ ನಿಲ್ಲಲಿಲ್ಲ. ಮುಂಜಾನೆ ಬೆಂಗಳೂರಿನ ಕೆಲಸಕ್ಕೆ ಹೋಗುವವರನ್ನು ತುಂಬಿಕೊಂಡು ಹೊರಟು, ಸಂಜೆ ಅವರನ್ನು ತಂದಿಳಿಸುತ್ತದೆ. ಕಳೆದ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಆ ರೈಲಿಗಾಗಿ ಕಾಯಬೇಕಾಗಿ ಬಂದು, ಹತ್ತಿರದ ಗುಡಿಯ ಜಗಲಿಯ ಮೇಲೆ ಕುಳಿತೆ. ಅಲ್ಲಿ ಇಬ್ಬರು ಮುದುಕರು ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಕವಡೆ ಆಡುತ್ತಿದ್ದರು.

ಐದು ಸಾಲು, ಐದು ಕಂಬ, ಒಟ್ಟು ಇಪ್ಪತ್ತೈದು ಮನೆ. ನಾನು ಅದನ್ನು ಚೌಕಾಬಾರ ಎಂದೆ. ಆಡುತ್ತಿದ್ದವರಲ್ಲಿ ಒಬ್ಬರು ತಮಿಳಿನವರು; ಅವರಿಗೆ ಅದು ದಾಯ. ಇನ್ನೊಬ್ಬರು ತೆಲುಗಿನವರು, ಅವರಿಗೆ ಅಷ್ಟಾಚೆಮ್ಮ. ಮೂರು ಭಾಷೆಯವರು ಒಂದೇ ಬಾವಿಗಿಳಿದು ದುಡಿದ ಊರಿನಲ್ಲಿ ಒಂದೇ ಆಟಕ್ಕೆ ಮೂರು ಹೆಸರಿರುವುದು ಸೋಜಿಗವೇನಲ್ಲ.

ಆಟ ಮರೆತವರಿಗಾಗಿ ಎರಡು ಮಾತು. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆಯಲ್ಲಿ ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಇವೆರಡು ಬಿದ್ದರೆ ಇನ್ನೊಂದು ಸಲ ಕವಡೆ ಹಾಕಬಹುದು. ಗೀಟು ಹಾಕಿದ ಕಟ್ಟೆಮನೆಯಲ್ಲಿರುವ ಕಾಯಿಗೆ ಭಯವಿಲ್ಲ. ಬಯಲಿನಲ್ಲಿರುವುದನ್ನು ಎದುರಾಳಿ ಹೊಡೆಯಬಹುದು. ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆಯೆಂದರೆ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಅವನು ಹೊರಸುತ್ತಿನಲ್ಲೇ ಮತ್ತೆ ಮತ್ತೆ ಸುತ್ತಬೇಕು.

ತಮಿಳಿನ ಹಿರಿಯರ ಸ್ಥಿತಿ ಆಗ ಇಕ್ಕಟ್ಟಿನದಾಗಿತ್ತು. ಅವರಿನ್ನೂ ಒಂದು ಕಾಯಿಯನ್ನೂ ಹೊಡೆದಿರಲಿಲ್ಲ. ಎದುರಾಳಿಯ ಮೂರು ಕಾಯಿ ಆಗಲೇ ಒಳಗೆ ಸೇರಿದ್ದವು. ನಾಲ್ಕನೆಯದು ಇನ್ನು ಆರೇಳು ಮನೆ ನಡೆದರೆ ಅದೂ ಒಳಕ್ಕೆ. ಆ ಕಾಯಿಯ ಎರಡು ಮನೆ ಮುಂದೆ, ಬಯಲಿನಲ್ಲಿ, ಇವರದೊಂದು ಕಾಯಿ. ಐದು ಮನೆ ಹಿಂದೆ, ಕಟ್ಟೆಯಲ್ಲಿ, ಇವರದೇ ಇನ್ನೊಂದು. ಗರ ಬಿದ್ದದ್ದು ಮೂರು. ಮುಂದಿನ ಕಾಯಿಯನ್ನು ಮೂರು ಮನೆ ಓಡಿಸಿದರೆ ಅದು ಬಹುಮಟ್ಟಿಗೆ ಉಳಿಯುತ್ತದೆ. ಆದರೆ ಅವರು ಹಿಂದಿನದನ್ನು ಕಟ್ಟೆಯಿಂದ ಹೊರಡಿಸಿ, ಎದುರಾಳಿಯ ಬೆನ್ನಿಗೆ ಎರಡು ಮನೆ ಹತ್ತಿರ ತಂದಿಟ್ಟರು. ಮರುಗರದಲ್ಲೇ ಎದುರಾಳಿಗೆ ಎರಡು ಬಿತ್ತು. ಮುಂದಿನ ಕಾಯಿ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಆಟವೂ ಹೋಯಿತು.

ನಾನು ಸುಮ್ಮನಿರಲಾರದೆ, "ಓಡಿಸಿದ್ದರೆ ಉಳಿಯುತ್ತಿತ್ತಲ್ಲ, ಯಜಮಾನರೇ?" ಎಂದೆ. ಅವರು ಕವಡೆ ಒರಸುತ್ತ, "ಕಾಯಿ ಉಳೀತಿತ್ತು ಸಾರ್, ಆಟ ಉಳೀತಿತ್ತಾ?" ಎಂದರು.

ಆ ಮಾತು ರೈಲಿನಲ್ಲಿ ನನ್ನನ್ನು ಬೆನ್ನಟ್ಟಿತು. ಚೀಟಿಯೊಂದರ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಕವಡೆಯ ಎರಡು ಮಗ್ಗುಲೂ ಸಮನಾಗಿ ಬೀಳುತ್ತವೆಂದು ಇಟ್ಟುಕೊಂಡರೆ, ಹದಿನಾರು ಸಲದಲ್ಲಿ ಒಂದು ಬೀಳುವುದು ನಾಲ್ಕು ಸಲ, ಎರಡು ಆರು ಸಲ, ಮೂರು ನಾಲ್ಕು ಸಲ. ಚೌಕ ಒಂದು ಸಲ, ಬಾರ ಒಂದು ಸಲ. ಎರಡು ಮನೆ ಮುಂದೆ ಬಿಟ್ಟ ಕಾಯಿಗೆ ಹದಿನಾರರಲ್ಲಿ ಆರು ಪಾಲು ಗಂಡಾಂತರ ನಿಜ. ಆದರೆ ಹತ್ತು ಪಾಲು ಬಚಾವು. ಐದು ಮನೆ ಹಿಂದಿದ್ದ ಬೇಟೆಯ ಕಾಯಿಗೆ ಚೌಕವೂ ಒಂದೂ ಬೆನ್ನುಬೆನ್ನಿಗೆ ಬೀಳಬೇಕಾಗಿತ್ತು. ಅದು ಅರವತ್ತನಾಲ್ಕರಲ್ಲಿ ಒಂದು ಪಾಲು. ಎರಡು ಮನೆ ಹತ್ತಿರ ಬಂದ ಮೇಲೆ, ಎದುರಾಳಿ ಕದಲದಿದ್ದರೆ, ಹದಿನಾರರಲ್ಲಿ ಆರು. ಅವರು ಮೊದಲೇ ಒಂದು ಕಾಯಿ ಹೊಡೆದಿದ್ದಿದ್ದರೆ ಓಡುವುದೇ ಜಾಣತನ. ಹೊಡೆಯದೆ ಇದ್ದುದರಿಂದ ಓಟವೆಲ್ಲ ವ್ಯರ್ಥ. ಮುದುಕರು ಸೋತದ್ದು ನಿಜ. ಅವರ ನಡೆ ತಪ್ಪಾಗಿರಲಿಲ್ಲ. ತಪ್ಪಿದ್ದು ನನ್ನ ತೀರ್ಪು. ನಾನು ನಡೆಯನ್ನು ಅದರ ಮುಂದಿನ ಗರದಿಂದ ಅಳೆದಿದ್ದೆ.

ಗರ ದೈವದ್ದು, ನಡೆ ಮನುಷ್ಯನದು ಎಂಬ ಈ ಬೆರಕೆ ಬಹಳ ಹಳೆಯದು. ಭಾರತದಿಂದ ಬಂದ ಚದುರಂಗಕ್ಕೆ ಉತ್ತರವಾಗಿ ಬುಜುರ್ಗ್‌ಮಿಹ್ರ್ ಎಂಬ ಮಂತ್ರಿ ನರ್ದ್ ಎಂಬ ದಾಳದ ಆಟವನ್ನು ಕಟ್ಟಿಕೊಟ್ಟನೆಂದು ಪಾರಸಿಗರ ಕಥೆಯೊಂದು ಹೇಳುತ್ತದೆ. ಇಂಗ್ಲಿಷರ ಬ್ಯಾಕ್‌ಗ್ಯಾಮನ್ ಆ ನರ್ದಿನ ಬಳಗದ್ದೇ. ನಮ್ಮ ಕಡೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಚದುರಂಗದ ಜೊತೆಗೆ ದಾಳದ ಆಟಕ್ಕೂ ಕವಡೆಯ ಆಟಕ್ಕೂ ಜಾಗ ಕೊಟ್ಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ತಾವೇ ಹೊಸ ಹೊಸ ಹಾಸುಗಳನ್ನು ರಚಿಸಿದರು. ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಅವನ್ನು ಇಂದಿಗೂ ನೋಡಬಹುದು.

ಆದರೆ ನಮ್ಮ ಕಾವ್ಯಗಳು ನೆನಪಿನಲ್ಲಿಟ್ಟದ್ದು ನಡೆಯನ್ನಲ್ಲ, ಗರವನ್ನು. ಕುಮಾರವ್ಯಾಸನ ಸಭಾಪರ್ವದ ಜೂಜನ್ನು ಓದಿದವರ ಮನಸ್ಸಿನಲ್ಲಿ ನಿಲ್ಲುವುದು ಶಕುನಿಯ ದಾಳ. ಧರ್ಮರಾಯ ಯಾವ ಕಾಯಿ ಎತ್ತಿದ, ಯಾವುದನ್ನು ಬಿಟ್ಟ ಎಂದು ಯಾರೂ ಕೇಳುವುದಿಲ್ಲ. ಪಂಪನಲ್ಲಿ ಒಂದು ಅಪರೂಪದ ಪ್ರಸಂಗವುಂಟು. ತನ್ನ ಪಕ್ಷಕ್ಕೆ ಬಾ ಎಂದು ಕೃಷ್ಣ ಕರೆದಾಗ ಕರ್ಣನಿಗೆ ನೆನಪಾಗುವುದು ಭಾನುಮತಿಯೊಡನೆ ಆಡಿದ ನೆತ್ತ. ಹಾರ ಹರಿದು ಮುತ್ತು ಚೆಲ್ಲಿದಾಗ, ಸಂಶಯಪಡದೆ ಅವನ್ನು ಆಯ್ದ ಗೆಳೆಯನನ್ನು ಬಿಟ್ಟುಬರಲಾರೆ ಎನ್ನುತ್ತಾನೆ. ಕರ್ಣ ಸೋತ, ಸತ್ತ. ಹಾಗೆಂದು ಅವನ ಆ ನಡೆ ಕೆಟ್ಟದ್ದೆಂದು ಕನ್ನಡಿಗರಾರೂ ಹೇಳಿಲ್ಲ. ಕಾವ್ಯದ ಓದುಗರಿಗೆ ತಿಳಿದಿರುವ ಈ ನ್ಯಾಯ ಚರಿತ್ರೆಯ ಓದುಗರಿಗೆ ಏಕೋ ಮರೆತುಹೋಗುತ್ತದೆ.

ನುರಿತವರೂ ಈ ವಿಷಯದಲ್ಲಿ ಎಡವಿದ್ದಾರೆ. ಬ್ಯಾಕ್‌ಗ್ಯಾಮನ್‌ನಲ್ಲಿ ಮೊದಲ ಗರ ನಾಲ್ಕು-ಒಂದು ಬಿದ್ದರೆ, ಮುಖ್ಯವಾದ ಒಂದು ಮನೆಯನ್ನು ಹಿಡಿಯುವ ಆಸೆಯಿಂದ ಒಂಟಿ ಕಾಯಿಯನ್ನು ಎದುರಾಳಿಯ ಹೊಡೆತಕ್ಕೆ ಒಡ್ಡುವುದು ಪಂಡಿತರ ಸಂಪ್ರದಾಯವಾಗಿತ್ತು. 1992ರಲ್ಲಿ ಐ.ಬಿ.ಎಂ. ಕಂಪನಿಯ ಜೆರಾಲ್ಡ್ ಟೆಸಾರೊ ಒಂದು ಯಂತ್ರಕ್ಕೆ ಆ ಆಟವನ್ನು ತನ್ನೊಡನೆ ತಾನೇ ಲಕ್ಷಗಟ್ಟಲೆ ಸಲ ಆಡಿಸಿ ಕಲಿಸಿದ. ಅದು ಆ ಕಾಯಿಯನ್ನು ಒಡ್ಡದೆ, ತೀರ ಹಿಂದಿರುವ ಜೋಡಿಯಲ್ಲಿ ಒಂದನ್ನು ಒಂದು ಮನೆ ಸರಿಸುವುದು ಮೇಲೆಂದಿತು. ಪಂಡಿತರು ಪರೀಕ್ಷಿಸಿ ನೋಡಿ ಒಪ್ಪಿದರು. ಒಂದು ಆಟದ ಸೋಲುಗೆಲುವು ನಡೆಯ ಬೆಲೆಯನ್ನು ಹೇಳಲಾರದು. ಅದೇ ಸ್ಥಿತಿಯನ್ನು ಸಾವಿರ ಸಲ ಆಡಿ ನೋಡಬೇಕು. ಯಂತ್ರಕ್ಕೆ ಆ ಸೌಲಭ್ಯವುಂಟು. ಚರಿತ್ರೆಗೆ ಇಲ್ಲ, ಅದು ಒಂದೇ ಸಲ ಆಡುವ ಆಟ.

ಮಾರಿಕುಪ್ಪಂನ ಚರಿತ್ರೆಯೂ ಅಂಥದೊಂದು ನಡೆಯಿಂದ ಬೆಳೆದದ್ದು. 1880ರ ದಶಕದ ಮೊದಲ ಭಾಗದಲ್ಲಿ ಇಲ್ಲಿನ ಮೈಸೂರು ಗಣಿಯ ಕಂಪನಿಗೆ ಬಂಡವಾಳವೆಲ್ಲ ಕರಗಿ ಸುಮಾರು 13,000 ಪೌಂಡು ಉಳಿದಿತ್ತು, ಚಿನ್ನದ ಸುಳಿವಿರಲಿಲ್ಲ. ಉಳಿದದ್ದನ್ನು ಹಂಚಿಕೊಂಡು ಮುಚ್ಚೋಣವೆಂದು ಪಾಲುದಾರರಲ್ಲಿ ಮಾತು ಬಂತು. ಉಳಿದದ್ದನ್ನೂ ತೋಡುವುದಕ್ಕೇ ಹಾಕೋಣವೆಂದವರು ಜಾನ್ ಟೇಲರ್. ಕ್ಯಾಪ್ಟನ್ ಪ್ಲಮರ್ ಬಂದು ತೋಡಿಸಿದಾಗ ಚಾಂಪಿಯನ್ ಪದರ ಸಿಕ್ಕಿತು. ಮುಂದೆ ಈ ಗಣಿಗಳಿಂದ ಒಟ್ಟು ಸುಮಾರು 800 ಟನ್ ಚಿನ್ನ ಬಂತು. ನಾವು ಟೇಲರರನ್ನು ದೂರದರ್ಶಿ ಎನ್ನುತ್ತೇವೆ. ಪದರ ಹತ್ತಡಿ ಆಚೆಗೆ ಸರಿದಿದ್ದು ಹಣ ಮುಗಿದಿದ್ದರೆ? ಅದೇ ಮನುಷ್ಯ, ಅದೇ ನಡೆ. ಹೆಸರು ಮಾತ್ರ ಹುಂಬ ಎಂದಾಗುತ್ತಿತ್ತು. ಅವರನ್ನು ಹೊಗಳುವುದಾದರೆ ಚಿನ್ನ ಸಿಕ್ಕಿದ್ದಕ್ಕಲ್ಲ. ನಿಲ್ಲಿಸಿದರೆ ಏನೂ ಉಳಿಯದ ಸ್ಥಿತಿಯಲ್ಲಿ ಉಳಿದ ಒಂದೇ ದಾರಿಯನ್ನು ಹಿಡಿದದ್ದಕ್ಕೆ ಹೊಗಳಬೇಕು.

ರೈಲಿಗೆ ಹೊರಡುವ ಮುನ್ನ ಆ ಹಿರಿಯರನ್ನು ಇನ್ನೊಂದು ಮಾತು ಕೇಳಿದ್ದೆ. ಗಣಿ ಮುಚ್ಚಿದಾಗ ಹಲವರು ಊರು ಬಿಟ್ಟರಂತೆ, ತಾವೇಕೆ ಬಿಡಲಿಲ್ಲ? ಅವರು ಕೂಡಲೇ ಉತ್ತರಿಸಲಿಲ್ಲ. "ಮಕ್ಕಳು ಆಗ ಇಸ್ಕೂಲಲ್ಲಿದ್ರು ಸಾರ್. ಮನೆ ಇಲ್ಲಿತ್ತು, ರೈಲು ಇತ್ತು. ಅವತ್ತು ಕಂಡದ್ದು ಅಷ್ಟೇ" ಎಂದರು. ಈಗ ಮಗ ದಿನವೂ ನಸುಕಿನಲ್ಲೆದ್ದು ಬೆಂಗಳೂರಿಗೆ ಹೋಗಿ, ಕತ್ತಲಾದ ಮೇಲೆ ಬರುತ್ತಾನೆ. ಆಗಲೇ ಊರು ಬಿಟ್ಟಿದ್ದರೆ ಒಳ್ಳೆಯದಿತ್ತೆಂದು ಮನೆಯಲ್ಲಿ ಆಗಾಗ ಮಾತು ಬರುತ್ತದಂತೆ. ಬಂದಾಗ ಅವರು ಎದ್ದು ಈ ಜಗಲಿಗೆ ಬರುತ್ತಾರಂತೆ.

ಬಂಗಾರಪೇಟೆಯಲ್ಲಿ ಇಳಿಯುವಾಗ ಎದುರಿನ ಹಳಿಯಲ್ಲಿ ಬೆಂಗಳೂರಿನಿಂದ ಬಂದ ರೈಲು ನಿಂತಿತ್ತು. ಕಿಟಕಿಗಳ ತುಂಬ ದಣಿದ ಮುಖಗಳು. ಅವುಗಳಲ್ಲಿ ಆ ಮಗನ ಮುಖವೂ ಇದ್ದಿರಬಹುದು.