ಹೆಸರು ತಿದ್ದಿಸಿಕೊಂಡ ಜೀವಿ



ನನ್ನ ಸೋದರಮಾವನವರಿಗೆ ಹೊಟ್ಟೆಹುಣ್ಣಿನ ಬೇನೆಯಿತ್ತು. ಹುಳಿ ಖಾರಗಳನ್ನು ತೊರೆದು ವರ್ಷಗಟ್ಟಲೆ ಗಂಜಿಯಲ್ಲಿ ಕಾಲ ಕಳೆದರು. ಕೊನೆಗೆ ಜಠರದ ಒಂದು ಭಾಗವನ್ನೇ ಕೊಯ್ಸಿಕೊಂಡರು. 'ಚಿಂತೆಯ ಸ್ವಭಾವ, ತಾನೇ ತಂದುಕೊಂಡ ರೋಗ' ಎಂದು ಮನೆಮಂದಿಯೆಲ್ಲ ಹೇಳುತ್ತಿದ್ದೆವು. ಅಂದಿನ ವೈದ್ಯಶಾಸ್ತ್ರದ ಅಭಿಪ್ರಾಯವೂ ಇದಕ್ಕಿಂತ ಬಹಳ ದೂರವಿರಲಿಲ್ಲ. ಜಠರದ ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ನೆಲೆಸಲಾರದೆಂದೇ ಬಹುಮಂದಿ ವಿದ್ವಾಂಸರು ನಂಬಿದ್ದರು.

1979ರಲ್ಲಿ ಆಸ್ಟ್ರೇಲಿಯದ ರಾಯಲ್ ಪರ್ತ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ರಾಬಿನ್ ವಾರೆನ್, ರೋಗಿಯೊಬ್ಬನ ಜಠರದಿಂದ ತೆಗೆದ ಚೂರಿನಲ್ಲಿ ಬಾಗಿದ ಬ್ಯಾಕ್ಟೀರಿಯಗಳನ್ನು ಕಂಡರು. ಉರಿಯೂತವಿದ್ದೆಡೆಯಲ್ಲೆಲ್ಲ ಅವು ಮತ್ತೆ ಮತ್ತೆ ಕಾಣಿಸಿದವು. 1981ರಲ್ಲಿ ತರುಣ ವೈದ್ಯ ಬ್ಯಾರಿ ಮಾರ್ಷಲ್ ಅವರೊಡನೆ ಕೂಡಿಕೊಂಡರು. ಆದರೆ ಕಾಣುವುದು ಬೇರೆ, ಬೇರ್ಪಡಿಸಿ ಬೆಳೆಸುವುದು ಬೇರೆ. ಎರಡು ದಿನಗಳಲ್ಲಿ ಏನೂ ಬೆಳೆಯದ ತಟ್ಟೆಗಳನ್ನು ಎಸೆದುಬಿಡುವುದು ಪ್ರಯೋಗಾಲಯದ ರೂಢಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಐದು ದಿನ ಹಾಗೆಯೇ ಉಳಿದವು. ಬಂದು ನೋಡಿದರೆ ಬೆಳೆ ಎದ್ದಿತ್ತು. ನಿಧಾನವಾಗಿ ಬೆಳೆಯುವ ಜೀವಿಗೆ ಅದುವರೆಗೆ ಬೇಕಾದಷ್ಟು ಕಾಲವೇ ದೊರೆತಿರಲಿಲ್ಲ.

ಇನ್ನು ಅದರ ಕುಲ ಯಾವುದು? ಬಾಗಿದ ಮೈ, ಅಲ್ಪ ಆಮ್ಲಜನಕದಲ್ಲಿ ಬದುಕುವ ಗುಣ, ಗ್ರಾಂ ಪರೀಕ್ಷೆಯ ನೇರಳೆ ಬಣ್ಣವನ್ನು ಹಿಡಿದಿಟ್ಟುಕೊಳ್ಳದಿರುವುದು: ಇವುಗಳಿಂದ ಅದನ್ನು ಕ್ಯಾಂಪಿಲೋಬ್ಯಾಕ್ಟರ್ ಕುಲಕ್ಕೆ ಸೇರಿಸಿ, 'ಪೈಲೋರಿಡಿಸ್' ಎಂದು ಹೆಸರಿಟ್ಟರು. ಜಠರದ ಕೆಳಬಾಗಿಲಿಗೆ ಪೈಲೋರಸ್ ಎಂದು ಹೆಸರು. ಗ್ರೀಕ್ ಮೂಲದಲ್ಲಿ ಅದರ ಅರ್ಥ ದ್ವಾರಪಾಲಕ. ಆದರೆ ಲ್ಯಾಟಿನ್ನಿನಲ್ಲಿ ಆ ಶಬ್ದದ ಷಷ್ಠೀ ವಿಭಕ್ತಿ 'ಪೈಲೋರಿ' ಎಂದಾಗಬೇಕು. 1987ರಲ್ಲಿ ಹೆಸರನ್ನು ಹಾಗೆಯೇ ತಿದ್ದಿದರು. ವ್ಯಾಕರಣ ಪಾಠ ಹೇಳಿ ನಿವೃತ್ತನಾದ ನನಗೆ ಈ ಸಂಗತಿ ಎಷ್ಟು ಹಿತವಾಯಿತೆಂದು ಹೇಳಬೇಕಾಗಿಲ್ಲ!

ವಿಭಕ್ತಿ ಸರಿಯಾಯಿತು, ಕುಲವಿನ್ನೂ ಸರಿಯಾಗಿರಲಿಲ್ಲ. ಕ್ಯಾಂಪಿಲೋಬ್ಯಾಕ್ಟರಿನ ಕಶಾಂಗಕ್ಕೆ, ಎಂದರೆ ಈಜುವ ಎಳೆಗೆ, ಹೊದಿಕೆಯಿಲ್ಲ. ಇದಕ್ಕಾದರೋ ಒಂದೇ ತುದಿಯಲ್ಲಿ ಹಲವು ಎಳೆಗಳು, ಒಂದೊಂದಕ್ಕೂ ಹೊದಿಕೆ. ಕೊಬ್ಬಿನಾಮ್ಲಗಳ ರಚನೆ ಬೇರೆ; ರೈಬೋಸೋಮಿನ ಆರ್‌ಎನ್‌ಎ ಅಕ್ಷರಮಾಲೆಯೂ ಬೇರೆ. ಹೀಗೆ 1989ರಲ್ಲಿ ಗುಡ್‌ವಿನ್ ಮತ್ತು ಸಂಗಡಿಗರು ಅದಕ್ಕೆಂದೇ ಹೆಲಿಕೋಬ್ಯಾಕ್ಟರ್ ಎಂಬ ಹೊಸ ಕುಲವನ್ನು ರಚಿಸಿದರು. ಅದರಲ್ಲಿ ಯೂರಿಯೇಸ್ ಎಂಬ ಕಿಣ್ವ ಹೇರಳ. ಅದು ಯೂರಿಯವನ್ನು ಒಡೆದು ಅಮೋನಿಯ ಮಾಡುತ್ತದೆ. ಅಮೋನಿಯ ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಆಮ್ಲದ ನಡುವೆ ಅದು ಬಾಳುವ ಗುಟ್ಟು ಇದೇ.

ಹೆಸರಿನ ಚರ್ಚೆ ವಿದ್ವಾಂಸರಿಗೆ. ರೋಗಿಗೆ ಬೇಕಾದುದು ಗುಣ. ಸಂದೇಹಿಗಳನ್ನು ಒಪ್ಪಿಸಲು ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿಯಾಯಿತು, ಜಠರದಲ್ಲಿ ಉರಿಯೂತ ಕಂಡಿತು. ಆದರೂ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞಸಭೆ, ಈ ಸೋಂಕುಳ್ಳ ಹುಣ್ಣಿನ ರೋಗಿಗಳಿಗೆ ಜೀವಿನಿರೋಧಕ ಔಷಧ ಕೊಡಬೇಕೆಂದು ಸೂಚಿಸಿದ್ದು 1994ರಲ್ಲಿ. ವಾರೆನ್ ಮತ್ತು ಮಾರ್ಷಲ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 2005ರಲ್ಲಿ.

ಎಲ್ಲ ಹುಣ್ಣಿಗೂ ಈ ಜೀವಿಯೇ ಕಾರಣವಲ್ಲ. ಕೆಲವು ನೋವುನಿವಾರಕ ಮಾತ್ರೆಗಳಿಂದಲೂ ಹುಣ್ಣಾಗುತ್ತದೆ. ನಮ್ಮ ಮಾವನವರ ಹೊಟ್ಟೆಯಲ್ಲಿದ್ದುದು ಯಾವುದೋ, ಈಗ ತಿಳಿಯುವಂತಿಲ್ಲ. ಆದರೆ ಅವರ ನೋವಿಗೆ ಅವರ ಸ್ವಭಾವವನ್ನೇ ದೂರಿದೆವಲ್ಲ, ಆ ಮಾತನ್ನಾದರೂ ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸುತ್ತದೆ. ಕೇಳಿಸಿಕೊಳ್ಳಲು ಅವರಿಲ್ಲ.