ಕಾರಿನ ಹೀಟರಿನಿಂದ ಕಂಪ್ಯೂಟರಿಗೆ

ಕಂಪ್ಯೂಟರಿನೊಳಗೆ ನೀರು ಹರಿಸುವುದು ಗೇಮಿಂಗ್ ಹುಡುಗರ ಹೊಸ ಶೋಕಿಯಲ್ಲ. 1960ರ ದಶಕದಲ್ಲೇ ಐಬಿಎಂನ ಸಿಸ್ಟಂ/360 ಮಾಡೆಲ್ 91ರಂಥ ದೈತ್ಯ ಯಂತ್ರಗಳು ನೀರನ್ನು ನೆಚ್ಚಿಕೊಂಡಿದ್ದವು. 1990ರ ದಶಕದಲ್ಲಿ ಕಡಿಮೆ ವಿದ್ಯುತ್ ಬೇಡುವ ಸಿಮಾಸ್ ಚಿಪ್‌ಗಳು ಬಂದ ಮೇಲೆ ಫ್ಯಾನೇ ಸಾಕಾಯಿತು. ನೀರು ಬಹುಮಟ್ಟಿಗೆ ಹೊರಬಿತ್ತು.

ಆ ದಶಕದ ಕೊನೆಯ ಹೊತ್ತಿಗೆ ಅದನ್ನು ಮೇಜಿನ ಮೇಲಿನ ಕಂಪ್ಯೂಟರಿಗೆ ತಂದವರು ಹವ್ಯಾಸಿಗಳು. ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಜೋರಾಗಿ ಓಡಿಸುವುದು ಅವರ ಹುಚ್ಚು. ವೇಗದ ಜೊತೆ ಬಿಸಿಯೂ ಏರಿತು. ಇದಕ್ಕೆಂದೇ ಮಾಡಿದ ಸಾಮಾನು ಆಗ ವಿರಳ. ಹಾಗಾಗಿ ಅಕ್ವೇರಿಯಂ ಪಂಪು, ಹಳೇ ಕಾರಿನ ಹೀಟರ್ ಕೋರ್, ಕೈಯಾರೆ ಕೊರೆದ ತಾಮ್ರದ ತುಂಡು, ಇವನ್ನೆಲ್ಲ ಪೈಪಿನಿಂದ ಜೋಡಿಸಿದರು. ಕಾರಿನಲ್ಲಿ ಜನರನ್ನು ಬೆಚ್ಚಗಿಡುತ್ತಿದ್ದ ಭಾಗ ಇಲ್ಲಿ ಚಿಪ್ಪನ್ನು ತಂಪಾಗಿಟ್ಟಿತು. ಎರಡೂ ಕಡೆ ಅದರ ಕೆಲಸ ಒಂದೇ: ನೀರಿನ ಬಿಸಿಯನ್ನು ಗಾಳಿಗೆ ದಾಟಿಸುವುದು.

ಪಾಠಗಳನ್ನು ಅವರು ದುಡ್ಡು ತೆತ್ತು ಕಲಿತರು. ತಾಮ್ರ, ಅಲ್ಯೂಮಿನಿಯಂ ಒಂದೇ ನೀರಿನಲ್ಲಿ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನೀರನ್ನು ಹಾಗೇ ಬಿಟ್ಟರೆ ಪಾಚಿ ಕಟ್ಟುತ್ತದೆ. ಒಂದು ಜೋಡಣೆ ಸಡಿಲವಾದರೂ ಮದರ್‌ಬೋರ್ಡ್ ಹೋಯಿತು.

2004ರಲ್ಲಿ ಆ್ಯಪಲ್ ತನ್ನ ಪವರ್ ಮ್ಯಾಕ್ ಜಿ5ಕ್ಕೆ ದ್ರವದ ತಂಪು ಕೊಟ್ಟಿತು. ಕೆಲವು ಯಂತ್ರಗಳು ಸೋರಿದವು. ಇಂದು ಎಐ ಸರ್ವರ್‌ಗಳಿಗೂ ಗಾಳಿ ಸಾಲದಾಗಿ ಮತ್ತೆ ಕೊಳವೆ ಬಂದಿದೆ. ಯಂತ್ರ ಬದಲಾಗಿದೆ, ತಾಮ್ರ ಮತ್ತು ನೀರಿನ ನಿಯಮ ಬದಲಾಗಿಲ್ಲ.